ಸ್ಟೇರಿಂಗ್ ಇಲ್ಲದ ಗಾಡಿ

ಹೋದ ತಿಂಗಳು ಶರಣಸಿರಸಗಿ ಕಡೆಯ ಹೊಸ ಲೇಔಟಿನಲ್ಲಿ ತಂಗಿ ಕೊಂಡ ಪ್ಲಾಟ್ ನೋಡಲು ಹೋಗಿದ್ದೆ. ಪಕ್ಕದಲ್ಲಿ ಪಾಯ ಅಗೆಯುತ್ತಿದ್ದ ಯಂತ್ರದ ಪೈಪೊಂದು ಫಟ್ಟನೆ ಒಡೆದು, ಬಿಸಿ ಎಣ್ಣೆ ಕರಿಮಣ್ಣಿನ ಮೇಲೆ ಚೆಲ್ಲಿ ಹೊಗೆಯಾಡಿತು. ಹೈಡ್ರಾಲಿಕ್ ಎಣ್ಣೆ ಕಾದಾಗ ಬರುವ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವ ತನಕ ಬಿಡುವುದಿಲ್ಲ. ತಂಗಿ ಸೆರಗು ಮೂಗಿಗೆ ಹಿಡಿದಳು. ನನಗೆ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮೈ ಜುಂ ಎಂದಿತು.

“ಯಾಕ ಅಕ್ಕಾ, ಮಾರಿ ಬೆಳ್ಳಗಾಗ್ಯದಲ್ಲ?” ಎಂದಳು.

“ಏನಿಲ್ಲ” ಎಂದೆ. ಇಪ್ಪತ್ತು ವರ್ಷಗಳಿಂದ ನಾನು ಎಲ್ಲರಿಗೂ ಹೇಳಿಕೊಂಡು ಬಂದಿರುವ ಸುಳ್ಳು ಅದೇ.

ಅದು ಎರಡು ಸಾವಿರದ ಇಸವಿಯ ಈಚೆಯ ಮೊದಲ ವರ್ಷಗಳು. ಊರಿನ ಬೋರ್ಡುಗಳ ಮೇಲೆ ಇನ್ನೂ ಗುಲ್ಬರ್ಗಾ ಎಂದಿತ್ತು, ಬಾಯಲ್ಲಿ ಮಾತ್ರ ಯಾವತ್ತೂ ಕಲಬುರ್ಗಿಯೇ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಸೇಡಂ ರಸ್ತೆಯ ಒಂದು ವರ್ಕ್‌ಶಾಪ್ ಸೇರಿದ್ದೆ. ರಸ್ತೆ ಕೆಲಸದ ದೊಡ್ಡ ಯಂತ್ರಗಳನ್ನು ರಿಪೇರಿ ಮಾಡುವ ಜಾಗ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಆಯಿ, ನನ್ನ ತಾಯಿ, ಹಣೆ ಹಣೆ ಬಡಿದುಕೊಂಡಳು. “ಅಗ ಬಾಯಿ! ಮಡಿ ಮೈಲಿಗಿ ಮನಿ ಪೋರಿ ಗ್ರೀಸ್ ಹಚ್ಕೊಂಡು ಬರ್ತದಂದ್ರ ಜನ ಏನಂತಾರ?” ಅಪ್ಪ ಪೂಜೆಯಿಂದ ಏಳದೆಯೇ, “ಜನರಿಗೇನು, ಸಂಬಳ ಜನ ಕೊಡ್ತಾರೇನು?” ಎಂದು ಮಾತು ಮುಗಿಸಿದರು.

ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ ಖಾಜಾಮಿಯಾ. ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದೇ ಹುಟ್ಟಿದವರಂತಿದ್ದರು. ಅವರಿಗೆ ನಾನು ಬಂದದ್ದು ಖುಷಿ. “ಎಣ್ಣಿ ಎಲ್ಲಿ ಸೋರತದ ಅಂತ ಕಣ್ಣ ಮುಚ್ಚಿ ಹೇಳ್ತೀನಿ ಬೇಟಾ. ಆದ್ರ ಈಗಿನ ಗಾಡ್ಯಾಗ ಕರೆಂಟ್ ಸೋರತದ. ಕರೆಂಟ್‌ಗ ವಾಸನಿ ಇಲ್ಲ, ಬಣ್ಣ ಇಲ್ಲ. ಅದು ನಿನಗ ಬಿಟ್ಟಿದ್ದು” ಎಂದಿದ್ದರು.

ನನಗೆ ಬಿಟ್ಟ ಆ ಕೆಲಸವೇ ನನ್ನನ್ನು ಕಮಲಾಪುರಕ್ಕೆ ಎಳೆದೊಯ್ದಿತು. ಹೆದ್ದಾರಿ ಕೆಲಸಕ್ಕೆ ಕಲ್ಲುಪುಡಿ ಒದಗಿಸುವ ಕ್ರಷರ್ ಕ್ಯಾಂಪೊಂದು ಊರಾಚೆ ಇತ್ತು. ಕೆಂಪು ಬಾಳೆಯ ತೋಟಗಳನ್ನು ದಾಟಿ ಒಂದು ಗುಡ್ಡ ಹತ್ತಿದರೆ ಎಲ್ಲವೂ ಬೂದಿ ಬಣ್ಣ: ಗಿಡದ ಎಲೆ, ತಗಡಿನ ಶೆಡ್ಡು, ಮನುಷ್ಯರ ಹುಬ್ಬು. ಬಲಗಡೆ ಕಲ್ಲಿನ ರಾಶಿ, ಎಡಗಡೆ ಕೈಬಿಟ್ಟ ಹಳೆಯ ಕ್ವಾರಿ. ಅದರ ತಳದಲ್ಲಿ ಹಸಿರು ನೀರು ನಿಂತಿತ್ತು. ಕಲ್ಲು ಹೊರುತ್ತಿದ್ದ ನೀಲಮ್ಮ ಎಂಬಾಕೆ ಹಿಂದಿನ ವರ್ಷ ಅದರಲ್ಲಿ ಬಿದ್ದು ಸತ್ತಿದ್ದಳಂತೆ. ಕ್ಯಾಂಪಿನ ಹೆಂಗಸರು ಅಂಚಿನ ಕಲ್ಲುಗಳ ಮೇಲೆ ಹಸಿರು ಬಳೆ ಇಟ್ಟಿದ್ದರು. ಕ್ರಷರ್ ಬಂದ್ ಆದ ಊಟದ ಹೊತ್ತಿನಲ್ಲಿ, ಗಾಳಿಯೇ ಇಲ್ಲದಾಗ, ಆ ಬಳೆಗಳು ಒಂದಕ್ಕೊಂದು ತಾಗಿ ಕಿಣಿ ಎನ್ನುವುದನ್ನು ನಾನೇ ಕೇಳಿದ್ದೇನೆ. ದೂರದಲ್ಲಿ ಲಾರಿ ಹೋದರೆ ನೆಲ ನಡುಗುತ್ತದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಎರಡು ಹೆಜ್ಜೆ ಹಿಂದೆ ಸರಿದೆ.

ಅಲ್ಲಿದ್ದ, ಕಲ್ಲು ಎತ್ತಿ ತುಂಬುವ ಲೋಡರ್ ಆನೆಯಷ್ಟು ಎತ್ತರ, ಹಳದಿ ಬಣ್ಣ, ಹೊರರಾಜ್ಯದಿಂದ ತರಿಸಿದ್ದು. ಅದನ್ನು ನಡೆಸುತ್ತಿದ್ದವರು ಗುಂಡಪ್ಪ, ನಲವತ್ತೈದರ ಆಳು, ಕೊರಳಲ್ಲಿ ಲಿಂಗ, ಚಹಾ ಬಿಟ್ಟರೆ ಯಾವ ಚಟವೂ ಇಲ್ಲ. ಹೆಂಡತಿ ಶಾಂತಮ್ಮ ಅದೇ ಕ್ಯಾಂಪಿನಲ್ಲಿ ರೊಟ್ಟಿ ಬಡಿದು ಎಲ್ಲರಿಗೂ ಊಟ ಹಾಕುತ್ತಿದ್ದಳು. ಮೊದಲ ದಿನ ನಾನು ಏಣಿ ಹತ್ತಿ ಕ್ಯಾಬಿನ್ನಿಗೆ ಹೋದಾಗ ಗುಂಡಪ್ಪ, ಮೇಡಂ ಎನ್ನುವ ಬದಲು ಬಾಯಾರ ಎಂದು ಕರೆದು, ನಗುತ್ತ ಕೇಳಿದರು:

“ಬಾಯಾರ, ಇದರಾಗ ಸ್ಟೇರಿಂಗ್ ಎಲ್ಲದ ಹೇಳ್ರಿ ನೋಡೂಣು.”

ಇರಲಿಲ್ಲ. ಸೀಟಿನ ಎಡಗೈ ಆಸರೆಯ ತುದಿಯಲ್ಲಿ ಬೆಂಡೆಕಾಯಿ ಉದ್ದದ ಒಂದು ಲಿವರ್ ಇತ್ತು. ಎಡಕ್ಕೆ ಒತ್ತಿದರೆ ಗಾಡಿ ಎಡಕ್ಕೆ, ಬಲಕ್ಕೆ ಒತ್ತಿದರೆ ಬಲಕ್ಕೆ.

ಹಳೆಯ ಗಾಡಿಗಳಲ್ಲಿ ಚಕ್ರ ತಿರುಗಿಸಿದರೆ ಅದರ ಬುಡದ ವಾಲ್ವು ತಿರುಗಿ ಎಣ್ಣೆಗೆ ದಾರಿ ಬಿಡುತ್ತಿತ್ತು. ಎಣ್ಣೆಯ ಒತ್ತಡ ಅಂಗೈಗೆ ತಿಳಿಯುತ್ತಿತ್ತು. ಇದರಲ್ಲಿ ಕೈಗೂ ಎಣ್ಣೆಗೂ ಭೇಟಿಯೇ ಇಲ್ಲ. ಲಿವರಿನ ಬುಡದಲ್ಲಿ ಒಂದು ಸೆನ್ಸರ್ ಇರುತ್ತದೆ. ಲಿವರ್ ನಡುವೆ ನಿಂತಾಗ ಅದು ಎರಡೂವರೆ ವೋಲ್ಟ್ ತೋರಿಸುತ್ತದೆ. ಎಡಕ್ಕೆ ಹೋದಂತೆ ವೋಲ್ಟ್ ಇಳಿಯುತ್ತದೆ, ಬಲಕ್ಕೆ ಹೋದಂತೆ ಏರುತ್ತದೆ. ಸೀಟಿನ ಕೆಳಗೊಂದು ಕಪ್ಪು ಡಬ್ಬಿ ಕೂತು ಅದನ್ನು ಓದಿ, ಗಾಡಿಯ ವೇಗ ಎಷ್ಟಿದೆ ಎಂದು ಲೆಕ್ಕ ಹಾಕಿ, ದೂರದ ವಾಲ್ವಿಗೆ ಅಷ್ಟೇ ಕರೆಂಟ್ ಕಳಿಸುತ್ತದೆ. ವಾಲ್ವು ತೆರೆದು ಪಂಪಿನ ಎಣ್ಣೆ ಎರಡು ಸಿಲಿಂಡರುಗಳಿಗೆ ನುಗ್ಗುತ್ತದೆ. ಒಂದು ತಳ್ಳುತ್ತದೆ, ಇನ್ನೊಂದು ಎಳೆಯುತ್ತದೆ. ಈ ಗಾಡಿಗೆ ನಡುವಿನಲ್ಲಿ ಕೀಲು, ಅಂದರೆ ಸೊಂಟ. ಚಕ್ರ ತಿರುಗುವುದಿಲ್ಲ, ಗಾಡಿಯ ಸೊಂಟವೇ ಬಾಗುತ್ತದೆ. ನಿಂತ ಗಾಡಿಯೂ ಎಂಜಿನ್ ಚಾಲೂ ಇದ್ದರೆ ಸಾಕು, ಬೆರಳಿನ ಒಂದು ಇಶಾರೆಗೆ ನಡು ಮುರಿದಂತೆ ಬಾಗುತ್ತದೆ.

“ಅದೆಲ್ಲಾ ಖರೇ ಬಾಯಾರ. ಆದ್ರ ಸ್ಟೇರಿಂಗ್ ಇಲ್ಲದ ಗಾಡಿಗಿ ಪೂಜಾ ಎಲ್ಲಿ ಮಾಡಬೇಕ್ರಿ?” ಎಂದರು ಗುಂಡಪ್ಪ. ಗಾಡಿ ಓಡಿಸುವವರು ಅಮಾವಾಸ್ಯೆಗೆ ಸ್ಟೇರಿಂಗಿಗೆ ಕುಂಕುಮ ಹಚ್ಚಿ, ಹೂವು ಸುತ್ತಿ, ಕಾಯಿ ಒಡೆದು ನೀರು ಚಿಮುಕಿಸುವುದು ನಮ್ಮ ಕಡೆ ತಪ್ಪದ ಪದ್ಧತಿ. ನಾನು ನಕ್ಕು, “ಎಲ್ಲೆರ ಮಾಡ್ರಿ, ದೇವರೇನು ಅಡ್ರೆಸ್ ಕೇಳ್ತಾನೇನು?” ಎಂದುಬಿಟ್ಟೆ. ನನ್ನ ಈ ಹಗುರ ನಾಲಿಗೆಯನ್ನು ಸುಡಬೇಕು.

ಆ ಬೇಸಿಗೆಯ ಮೊದಲ ಅಮಾವಾಸ್ಯೆಯ ಮಾರನೆ ದಿನ ಕ್ಯಾಂಪಿನಿಂದ ಫೋನ್ ಬಂತು. ಗಾಡಿ ನಿಂತಿದೆ, ಕೆಂಪು ದೀಪ ಹತ್ತಿದೆ, ಲಿವರ್ ಒತ್ತಿದರೆ ಜಪ್ಪಯ್ಯ ಎಂದರೂ ತಿರುಗುತ್ತಿಲ್ಲ. ಹೋಗಿ ನೋಡಿದೆ. ಲಿವರಿನ ಬುಡದಲ್ಲಿ ಸೆನ್ಸರ್ ಒಂದಲ್ಲ, ಎರಡು. ಎರಡೂ ಒಂದೇ ಸುದ್ದಿ ಹೇಳಬೇಕು. ಹೇಳದಿದ್ದರೆ ಡಬ್ಬಿ ಯಾರನ್ನೂ ನಂಬದೆ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಎರಡನೆಯ ಸೆನ್ಸರಿನ ಕಡ್ಡಿಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು. ತೇವದ ಥಂಡಿಗೆ ಆಗಿರಬೇಕು ಎಂದುಕೊಂಡೆ. ಕಲಬುರ್ಗಿಯ ಬೇಸಿಗೆಯಲ್ಲಿ ಥಂಡಿ ಎಲ್ಲಿಯದು ಎಂದು ಯೋಚಿಸಲಿಲ್ಲ.

ಹೊಸ ಸೆನ್ಸರ್ ಬರಲು ತಿಂಗಳಾಗುತ್ತಿತ್ತು. ಸೈಟಿನ ಇನ್‌ಚಾರ್ಜ್ ಪಾಟೀಲರು ನನ್ನ ತಲೆಯ ಮೇಲೇ ನಿಂತಿದ್ದರು. “ತಿಂಗಳ ಗಾಡಿ ನಿಂತ್ರ ನಾ ಕೆಲಸ ಬಿಟ್ಟು ಬೊಂಬಾಯಿ ಗೊಂಬಿ ಆಡ್ಸಲ್ಯಾ ಮೇಡಂ? ಹೆಂಗಾರ ಮಾಡಿ ಚಾಲೂ ಮಾಡ್ರಿ. ಆಗಲ್ಲಂದ್ರ ಗಂಡಸರನ್ನ ಕಳಸ್ರಿ ಅಂತ ನಿಮ್ಮ ಸಾಹೇಬ್ರಿಗಿ ಹೇಳ್ತೀನಿ.”

ಆ ಕೊನೆಯ ಮಾತು ನನ್ನ ತಲೆಗೇರಿತು. ಕೆಟ್ಟ ಸೆನ್ಸರಿನ ತಂತಿ ಕತ್ತರಿಸಿ, ಒಳ್ಳೆಯದರ ತಂತಿಯನ್ನೇ ಡಬ್ಬಿಯ ಎರಡೂ ಕಡೆ ಕೂಡಿಸಿದೆ. ಸೀಟಿನ ಕೆಳಗೆ ಕತ್ತಲು, ಬ್ಯಾಟರಿ ಬೆಳಕು ಹಿಡಿದವರು ಗುಂಡಪ್ಪ.

“ಎರಡನೇದು ಯಾಕ ಇರ್ತದ್ರಿ ಬಾಯಾರ?”

“ಸಾಕ್ಷಿ ಇದ್ದಂಗ. ಒಂದು ಸುಳ್ಳು ಹೇಳಿದ್ರ ಇನ್ನೊಂದು ಹಿಡೀತದ.”

“ಈಗ?”

“ಈಗ ಒಂದೇ ಸಾಕ್ಷಿ. ಸಾಮಾನು ಬರೋ ತನಕ.”

ಅವರು ತಲೆಯಾಡಿಸಿದರು. ಕೆಂಪು ದೀಪ ಆರಿತು. ಪಾಟೀಲರು “ಶಾಬಾಶ್” ಎಂದರು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ. ಸಾಮಾನು ಆ ತಿಂಗಳು ಬರಲಿಲ್ಲ. ಗಾಡಿ ನಡೆಯುತ್ತಿತ್ತಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮುಂದಿನ ಅಮಾವಾಸ್ಯೆ ಯುಗಾದಿಯ ಹಿಂದಿನ ದಿನ ಬಂತು. ಅವತ್ತು ಮಧ್ಯಾಹ್ನ ಗಾಡಿ ತಾನಾಗಿ ಎಡಕ್ಕೆ ತಿರುಗಿತು. ಗುಂಡಪ್ಪ ಬ್ರೇಕ್ ಒತ್ತಿದಾಗ ಮುಂದಿನ ಗಾಲಿ ಕ್ವಾರಿಯ ಅಂಚಿನ ಬಳೆಗಳ ಮೇಲೆ ನಿಂತಿತ್ತಂತೆ. ಹಬ್ಬ ಮುಗಿಸಿ ನಾನು ಹೋಗುವಷ್ಟರಲ್ಲಿ ಎಲ್ಲ ಸರಿಯಾಗಿತ್ತು. ಮೀಟರ್ ಹಚ್ಚಿ ಅರ್ಧ ದಿನ ಕೂತೆ. ಎರಡೂವರೆ ವೋಲ್ಟ್, ಕೂದಲೆಳೆಯಷ್ಟೂ ಅಲುಗಲಿಲ್ಲ. ನಾನು ಕೂಡಿಸಿದ ತಂತಿಯನ್ನು ನೋಡಿದೆ. ಗಟ್ಟಿಯಾಗೇ ಇತ್ತು. ನನ್ನ ಕೆಲಸ ಪಕ್ಕಾ ಎಂದು ಒಳಗೊಳಗೇ ಸಮಾಧಾನವಾಯಿತು.

ಶಾಂತಮ್ಮ ನನಗೆ ಊಟ ಬಡಿಸುತ್ತ ಪಿಸುದನಿಯಲ್ಲಿ ಹೇಳಿದಳು: “ನೀಲಮ್ಮ ಕರಿಯಾಕತ್ಯಾಳ್ರಿ. ಎಡಕ್ಕ ಯಾಕ ಹೋಗ್ಬೇಕದು? ಬಲಕ್ಕ ಒಮ್ಮೆರ ಹೋಗ್ಯದೇನು?”

“ಹುಚ್ಚಿ, ಸತ್ತಾಕಿಗಿ ಲೋಡರ್ ನಡಸಾಕ ಬರ್ತದೇನು?” ಎಂದು ಗುಂಡಪ್ಪ ಗದರಿದರು. ಆದರೆ ತುತ್ತು ಬಾಯಿಗೆ ಹೋಗಲಿಲ್ಲ. ತಾಟು ಸರಿಸಿ ನನ್ನ ಕಡೆ ತಿರುಗಿ, “ಬಾಯಾರ, ಹಳೀ ಗಾಡ್ಯಾಗಾದ್ರ ಸ್ಟೇರಿಂಗ್ ತಿರಗೂದು ಕಣ್ಣಿಗಿ ಕಾಣ್ತಿತ್ತು. ಇದರಾಗ ಲಿವರ್ ನೆಟ್ಟಗ ನಿಂತದ, ನನ್ನ ಕೈ ತೊಡಿ ಮ್ಯಾಲದ, ಗಾಡಿ ತಿರಗ್ಲಿಕತ್ತದ. ಒಳಗ ಏನೂ ಅಲಗಲ್ರಿ. ಅದಕ್ಕೇ ಅಂಜಿಕಿ” ಎಂದರು. ಬರುವ ಅಮಾವಾಸ್ಯೆಗೆ ಗಾಡಿಯ ಪೂಜೆ ಜೋರಾಗಿ ಮಾಡಬೇಕೆಂದು ಗಂಡ ಹೆಂಡತಿ ಮಾತಾಡಿಕೊಂಡರು. ನಾನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡೆ.

ಮೂರನೆಯ ಅಮಾವಾಸ್ಯೆಯಂದು ಫೋನ್ ಬಂದಾಗ ನಾನೂ ಖಾಜಾಮಿಯಾರೂ ಜೀಪಿನಲ್ಲಿ ಹುಮನಾಬಾದ್ ಕಡೆಯ ಕೆಲಸಕ್ಕೆ ಹೊರಟಿದ್ದೆವು. ಅರ್ಧ ತಾಸಿನಲ್ಲಿ ಕ್ಯಾಂಪಿನಲ್ಲಿದ್ದೆವು. ಶಾಂತಮ್ಮನನ್ನು ಆಗಷ್ಟೇ ಕಲಬುರ್ಗಿ ಆಸ್ಪತ್ರೆಗೆ ಒಯ್ದಿದ್ದರು, ಗುಂಡಪ್ಪನೂ ಜೊತೆಗೆ ಹೋಗಿದ್ದರು. ಏಣಿಯ ಕೆಳಗೆ ಜೋಳದ ರೊಟ್ಟಿ ಚೆಲ್ಲಿತ್ತು. ಮುಂದಿನ ಗಾಲಿಯ ಒಳಮೈ ಒದ್ದೆಯಾಗಿ ಕೆಂಪಗಿತ್ತು.

ನಡೆದದ್ದಿಷ್ಟು. ಊಟದ ಹೊತ್ತು. ಗುಂಡಪ್ಪ ಗಾಡಿ ನಿಲ್ಲಿಸಿದ್ದರು, ಎಂಜಿನ್ ಆರಿಸಿರಲಿಲ್ಲ. ಶಾಂತಮ್ಮ ಎಡಗಡೆಯಿಂದ ಬಂದು, ಗಾಲಿಗೂ ಏಣಿಗೂ ನಡುವಿನ ಸಂದಿನಲ್ಲಿ ನಿಂತು ಊಟದ ಗಂಟು ಮೇಲೆತ್ತಿ ಕೊಟ್ಟಳು. ಗುಂಡಪ್ಪ ಬಾಗಿ ಎರಡೂ ಕೈಯಿಂದ ಗಂಟು ಹಿಡಿದರು. ಆಗ ಗಾಡಿಯ ಸೊಂಟ ಎಡಕ್ಕೆ ಬಾಗಿತು. ಸಂದು ಮುಚ್ಚಿಕೊಂಡು ಆಕೆಯ ಕಾಲು ನಡುವೆ ಸಿಕ್ಕಿತು.

“ಗುಂಡಪ್ಪನ ಮೊಣಕೈ ತಾಗ್ಯದ, ಮತ್ತೇನ್ರಿ! ಬಗ್ಗಿದಾಗ ಲಿವರಿಗಿ ಬಡದದ” ಎಂದರು ಪಾಟೀಲರು. “ತಿಂಗಳಿಂದ ದೆವ್ವ ದೆವ್ವ ಅಂತ ನಾಟಕ ಹಚ್ಯಾನ. ನೀವು ನೋಡಿ ಒಂದೇ ಸಾಲಿನ್ಯಾಗ ಬರದು ಕೊಡ್ರಿ. ಗಾಡಿ ತಪ್ಪೋ, ಮನಷ್ಯಾಂದೋ.”

ನಾನು ಏಣಿ ಹತ್ತಿದೆ. ಕೆಳಗೆ ಕ್ಯಾಂಪಿನ ಜನ ದೂರ ನಿಂತಿದ್ದರು. ಬಿಸಿಲು ಹೇಗಿತ್ತೆಂದರೆ ಕ್ವಾರಿಯ ಅಂಚು ನೀರಿನಂತೆ ಕುಣಿಯುತ್ತಿತ್ತು. ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡೆ. ಏನೂ ಆಗಲಿಲ್ಲ. ಉಸಿರು ಬಿಟ್ಟೆ.

ಆಮೇಲೆ ಕಿಟಕಿಯಾಚೆಯ ಕಲ್ಲಿನ ರಾಶಿ ನಿಧಾನ ಬಲಕ್ಕೆ ಸರಿಯತೊಡಗಿತು.

ಅಯ್ಯೋ ದೇವರೇ, ಸರಿಯುತ್ತಿದ್ದದ್ದು ರಾಶಿಯಲ್ಲ, ನಾನು. ಲಿವರ್ ನೆಟ್ಟಗೆ, ಕಲ್ಲಿನ ಹಾಗೆ ನಿಂತಿತ್ತು. ಕ್ಯಾಬಿನ್ನಿನೊಳಗೆ ಒಂದು ಕಡ್ಡಿಯೂ ಅಲುಗಲಿಲ್ಲ. ಕೆಳಗೆ ಮಾತ್ರ ಎಣ್ಣೆ ಸುಯ್ ಎನ್ನುತ್ತಿತ್ತು, ಮೂಗಿನಲ್ಲಿ ಯಾರೋ ಉಸಿರು ಬಿಟ್ಟ ಹಾಗೆ. ಹಸಿರು ನೀರು ಕಿಟಕಿಯೊಳಕ್ಕೆ ಬಂತು. ಹೆಂಗಸೊಬ್ಬಳು ಕಿರುಚಿದಳು: “ನೀಲವ್ವಾ, ಬಿಡವ್ವಾ!” ನಾನು ಓದಿದ ಡಿಪ್ಲೊಮಾ ಎಲ್ಲಿ ಹೋಯಿತೋ. ಬಾಯಲ್ಲಿ ಆಯಿಯ ಸ್ತೋತ್ರ ಶುರುವಾಗಿತ್ತು. ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿದೆ.

ಗಾಡಿ ಪೂರ್ತಿ ನಿಂತ ಮೇಲೆ ಲಿವರಿನ ಬುಡದ ರಬ್ಬರ್ ಕಿತ್ತೆ. ಒಳಗೆಲ್ಲ ಒದ್ದೆ. ಕೆಂಪು ಕೆಸರು, ಅಂಟು ಅಂಟು, ಸಿಹಿ ವಾಸನೆ. ಕುಂಕುಮ ಕಲಸಿದ ಕಾಯಿನೀರು. ಗುಂಡಪ್ಪ ಸ್ಟೇರಿಂಗ್ ಇಲ್ಲದ ಗಾಡಿಯ ಪೂಜೆಯನ್ನು ಲಿವರಿಗೇ ಮಾಡುತ್ತಿದ್ದರು, ಪ್ರತಿ ಅಮಾವಾಸ್ಯೆಗೂ. ಕಾಯಿನೀರು ಸಿಹಿಯಾದರೂ ಅದರಲ್ಲಿ ಉಪ್ಪಿನ ಅಂಶ ಇರುತ್ತದೆ. ಕರೆಂಟ್ ಅದರ ಮೂಲಕ ಸೋರುತ್ತದೆ. ಸೋರಿದರೆ ವೋಲ್ಟ್ ಇಳಿಯುತ್ತದೆ, ಇಳಿದರೆ ಎಡ. ಮಾರನೆ ದಿನ ಒಣಗಿದರೆ ಗಾಡಿ ಸಾಧು. ಎಡಕ್ಕೇ ಯಾಕೆ ಎಂಬ ಶಾಂತಮ್ಮನ ಪ್ರಶ್ನೆಗೆ ಉತ್ತರ ಇಷ್ಟೇ ಇತ್ತು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಾನು ಕೂಡಿಸಿದ್ದ ತಂತಿಯನ್ನು ಬಿಡಿಸಿ, ಕೆಟ್ಟ ಸೆನ್ಸರನ್ನು ಮೊದಲಿನ ಜಾಗಕ್ಕೆ ಹಚ್ಚಿ, ಮತ್ತೆ ಎಂಜಿನ್ ಚಾಲೂ ಮಾಡಿದೆ. ಕೆಂಪು ದೀಪ ಹತ್ತಿತು. ಕುಂಯ್ ಎಂದು ಎಚ್ಚರಿಕೆ ಕೂಗಿತು. ಒಳಗೆ ಅದೇ ಕಾಯಿನೀರು, ಅದೇ ಸೋರಿಕೆ, ಆದರೆ ಗಾಡಿ ಒಂದಂಗುಲ ಅಲುಗಲಿಲ್ಲ. ಐದು ನಿಮಿಷ ನೋಡುತ್ತ ಕೂತೆ. ಆ ದೀಪ ಹತ್ತಿದ್ದರೆ ಶಾಂತಮ್ಮನ ಕಾಲು ಉಳಿಯುತ್ತಿತ್ತು. ಅದನ್ನು ಆರಿಸಿದವಳು ನಾನು. ಆ ಕ್ಯಾಂಪಿನಲ್ಲಿ ದೆವ್ವ ಇತ್ತು ನಿಜ, ಅದರ ಹೆಸರು ಮಾತ್ರ ನೀಲಮ್ಮ ಅಲ್ಲ.

ಕೆಳಗಿಳಿದೆ. ಪಾಟೀಲರು ಕಾಗದ ಪೆನ್ನು ಕೊಟ್ಟರು. ನಾನು ಬರೆದೆ: ‘ಆಪರೇಟರ್ ಪೂಜೆಗೆಂದು ಲಿವರಿನ ಮೇಲೆ ಕಾಯಿನೀರು ಹಾಕಿದ್ದರಿಂದ, ನೀರು ಸೆನ್ಸರಿನೊಳಗೆ ಇಳಿದು ಗಾಡಿ ತಾನಾಗಿ ಎಡಕ್ಕೆ ತಿರುಗಿದೆ.’ ಒಂದಕ್ಷರ ಸುಳ್ಳಿಲ್ಲ. ಮೊಣಕೈ ಆರೋಪದಿಂದ ಗುಂಡಪ್ಪನನ್ನು ಪಾರು ಮಾಡಿದೆ ಎಂದು ಕೂಡ ಅನಿಸಿತು, ನೋಡಿ ನನ್ನ ದೊಡ್ಡತನ! ಖಾಜಾಮಿಯಾ ನನ್ನ ಮುಖ ನೋಡಿ, “ಔರ್ ಕುಛ್, ಬೇಟಾ? ಮತ್ತೇನರ ಅದ ಏನು?” ಎಂದರು. “ಏನಿಲ್ಲ” ಎಂದೆ.

ಸಂಜೆ ಆಸ್ಪತ್ರೆಗೆ ಹೋದೆ. ಮೊಣಕಾಲಿನ ಕೆಳಗೆ ತೆಗೆದುಬಿಟ್ಟಿದ್ದರು. ಗುಂಡಪ್ಪ ವರಾಂಡದಲ್ಲಿ ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡವರೇ ಎದ್ದು, “ಬಾಯಾರ, ನನ್ನ ಮೊಣಕೈ ಬಡದಿತ್ತೇನ್ರಿ? ಖರೇ ಹೇಳ್ರಿ. ನನಗ ನೆನಪಾಗವಲ್ದು” ಎಂದರು.

“ಇಲ್ಲ. ಮೊಣಕೈ ಅಲ್ಲ. ಕಾಯಿನೀರು ಒಳಗ ಹೋಗಿತ್ತು.”

ಅವರು ತಮ್ಮ ಅಂಗೈ ನೋಡಿಕೊಂಡರು. “ಆಕೀಗಿ ಏನೂ ಆಗಬಾರದಂತ ಹಾಕಿದ್ನಲ್ರಿ” ಎಂದರು.

ಆಗಲೇ ತಂತಿಯ ವಿಷಯ ಹೇಳಬೇಕಿತ್ತು. ಬಸ್ಸು ಹಿಡಿದು ಖೂಬಾ ಪ್ಲಾಟಿಗೆ ಬಂದೆ. ವಾರದೊಳಗೆ ಅವರನ್ನು ಕೆಲಸದಿಂದ ತೆಗೆದರು, ನನ್ನ ಕಾಗದದ ನಕಲು ಕೈಗೆ ಕೊಟ್ಟು. ಮಳೆಗಾಲ ಶುರುವಾಗುವ ಹೊತ್ತಿಗೆ ನಾನೂ ವರ್ಕ್‌ಶಾಪ್ ಬಿಟ್ಟೆ. ಈಗ ಪಾಠ ಹೇಳುತ್ತೇನೆ. ಎರಡು ಸೆನ್ಸರ್ ಯಾಕಿರಬೇಕು ಎಂಬ ಪಾಠ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಅದನ್ನು ಬೋರ್ಡಿನ ಕಡೆ ಮುಖ ಮಾಡಿಯೇ ಹೇಳುತ್ತೇನೆ. ಆಟೋದಲ್ಲಿ ಕೂತಾಗ ಅದು ಹೇಳದೆ ಕೇಳದೆ ಎಡಕ್ಕೆ ಹೊರಳಿದರೆ ಇವತ್ತಿಗೂ ಕಣ್ಣು ಡ್ರೈವರನ ಕೈ ಹುಡುಕುತ್ತದೆ.

ಶರಣಸಿರಸಗಿಯಿಂದ ಮರಳಿದ ಮಾರನೆ ದಿನ ಕಮಲಾಪುರದ ಬಸ್ಸು ಹತ್ತಿದೆ. ವಿಚಾರಿಸಿದ್ದಕ್ಕೆ ರಸ್ತೆಬದಿಯ ಕೆಂಪು ಬಾಳೆಹಣ್ಣಿನ ಅಂಗಡಿ ತೋರಿಸಿದರು. ಶಾಂತಮ್ಮ ಜೈಪುರದ ಕೃತಕ ಕಾಲು ಚಾಚಿಕೊಂಡು ಕೂತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಗುಂಡಪ್ಪ ಗೊನೆ ಕಟ್ಟುತ್ತಿದ್ದರು. “ಬರ್ರಿ ಬಾಯಾರ” ಎಂದರು, ನಿನ್ನೆ ಬಿಟ್ಟು ಹೋದವಳನ್ನು ಕರೆದ ಹಾಗೆ.

ನಾನು ಕೂರಲಿಲ್ಲ. ಕೂತರೆ ಮತ್ತೆ ‘ಏನಿಲ್ಲ’ ಅಂದುಬಿಡುತ್ತಿದ್ದೆ. ನಿಂತೇ ಎಲ್ಲ ಹೇಳಿದೆ: ತಂತಿ ಕೂಡಿಸಿದ್ದು, ದೀಪ ಆರಿಸಿದ್ದು, ಬಿಡಿಸಿದ ಮೇಲೆ ಗಾಡಿ ಅಲುಗದೆ ನಿಂತದ್ದು, ಅದನ್ನು ಬರೆಯದೆ ಬಿಟ್ಟದ್ದು.

ಗುಂಡಪ್ಪ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು. “ನಿಮ್ಮ ಕಾಗದ ಇನ್ನಾ ಅದ ನನ್ನ ಹತ್ರ. ನನಗ ಓದಾಕ ಬರಲ್ಲ. ಸಾಲಿ ಮಾಸ್ತರ ಕಡಿ ಓದಿಸ್ದೆ, ಪೋಸ್ಟಿನವನ ಕಡಿ ಓದಿಸ್ದೆ, ಮಗಳು ಅಕ್ಷರ ಕಲ್ತ ಮ್ಯಾಲ ಆಕಿ ಕಡಿ ಓದಿಸ್ದೆ. ಎಲ್ಲೆರ ನೀವು ಕೂಡಿಸಿದ ತಾರಿನ ಮಾತು ಬರ್ತದೇನಂತ ಕೇಳ್ಕೋತ ಕುಂದ್ರತಿದ್ದೆ. ಬ್ಯಾಟರಿ ಹಿಡದವ ನಾನೇ ಅಲ್ರಿ? ಬರಲಿಲ್ಲ. ಕಲ್ತವರು ನೀವು, ಬರೀಲಿಲ್ಲಂದ ಮ್ಯಾಲ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ತಪ್ಪು ನನ್ನ ಕಾಯಿಂದೇ ಅಂದ್ಕೊಂಡೆ.”

ನನಗೆ ಅಳು ಬಂತು. ಇಬ್ಬರೂ ನನ್ನನ್ನು ಸುಮ್ಮನಾಗಿಸಲಿಲ್ಲ. ಶಾಂತಮ್ಮ ಹಣ್ಣು ಕಟ್ಟುವ ಕಾಗದದ ರಾಶಿಯಿಂದ ಒಂದು ಬಿಳಿ ಹಾಳೆ ಹುಡುಕಿ ತೆಗೆದು ನನ್ನ ಮುಂದೆ ಹಿಡಿದಳು.

“ಬರದು ಕೊಡ್ರಿ” ಎಂದಳು.

ತಕ್ಕಡಿಯ ಪಕ್ಕದ ಹಲಗೆಯ ಮೇಲೆ ಹಾಳೆ ಇಟ್ಟು ಎಲ್ಲ ಬರೆದೆ, ಸಹಿ ಮಾಡಿದೆ. ಗುಂಡಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ತಾರು ಅಂತ ಎಲ್ಲಿ ಬರದೀರಿ? ತೋರಸ್ರಿ.”

ತೋರಿಸಿದೆ. ನನ್ನ ಬೆರಳಿದ್ದ ಜಾಗದಲ್ಲಿ ತಮ್ಮ ಬೆರಳಿಟ್ಟರು. ಕಲಬುರ್ಗಿ ಬಸ್ಸು ಬಂದು ಹಾರ್ನ್ ಹೊಡೆಯಿತು. “ಹೋಗಿ ಬರ್ತೀನ್ರಿ” ಎಂದೆ. ಅವರು ತಲೆ ಎತ್ತಲಿಲ್ಲ, ಬೆರಳೂ ತೆಗೆಯಲಿಲ್ಲ.